ಪಂಚಾಯಿತಿ ಗ್ರಂಥಾಲಯದ ಗಣಕಯಂತ್ರ ರೈತರಿಗೂ ಉಂಟು

ಶಿಕಾರಿಪುರ, ಸೊರಬ ತಾಲ್ಲೂಕಿನ ರೈತ ಬಾಂಧವರೇ, ನಿಮ್ಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ ಎಷ್ಟು ದಿನವಾಯಿತು? ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಈಗ ಅವುಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರಿದೆ. ಅನೇಕ ಕಡೆ ಪುಸ್ತಕದ ಕಪಾಟಿನ ಪಕ್ಕದಲ್ಲಿ ಗಣಕಯಂತ್ರವೂ ಬಂದಿದೆ. ಎಲ್ಲ ಊರಿಗೂ ಬಂದಿಲ್ಲ. ಬಂದಲ್ಲೆಲ್ಲ ವಿದ್ಯುತ್ತು, ಅಂತರಜಾಲ ಸರಿಯಾಗಿರುತ್ತದೆ ಎಂದೂ ಅಲ್ಲ. ಇದ್ದಲ್ಲಿ ಬಳಸದೆ ಬಿಡಬಾರದು.

ಅದು ಓದುವ ಹುಡುಗರ ಸಾಮಾನು ಎಂದು ಹಿರಿಯರು ದೂರ ನಿಲ್ಲುವುದುಂಟು. ಅಮೆರಿಕದ ಗ್ರಂಥಾಲಯಗಳ ಉಚಿತ ಗಣಕಯಂತ್ರಗಳ ಬಗ್ಗೆ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಳಸಿದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಬೇರೊಬ್ಬರ ಕೆಲಸವನ್ನೂ ಮಾಡಿಕೊಟ್ಟದ್ದು ಕಂಡುಬಂತು. ನೀವೂ ಹಾಗೆಯೇ ಮಾಡಿ: ಮಗಳು ಕೀಲಿಮಣೆ ಒತ್ತಲಿ, ನೀವು ಪಕ್ಕದಲ್ಲಿ ಕುಳಿತು ಸರ್ವೆ ನಂಬರು ಹೇಳಿ.

ಮೊದಲು ನೋಡಬೇಕಾದದ್ದು ಪಹಣಿ. ‘ಭೂಮಿ’ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ (ಆನವಟ್ಟಿಯೋ, ಜಡೆಯೋ, ಉಡುಗಣಿಯೋ, ತಾಳಗುಂದವೋ), ಗ್ರಾಮ, ಸರ್ವೆ ನಂಬರು, ಹಿಸ್ಸಾ ಕೊಟ್ಟರೆ ಪಹಣಿ ಪರದೆಯ ಮೇಲೆ ಬರುತ್ತದೆ. ನೋಡಲು ಶುಲ್ಕವಿಲ್ಲ, ಬ್ಯಾಂಕಿಗೋ ಕಚೇರಿಗೋ ಕೊಡುವ ಪ್ರತಿಗೆ ಮಾತ್ರ ಹಣ ಕಟ್ಟಬೇಕು. 9ನೇ ಕಾಲಮ್ಮಿನಲ್ಲಿ ಹೆಸರು ಆಧಾರ್‌ನಲ್ಲಿರುವಂತೆಯೇ ಇದೆಯೇ ನೋಡಿ. 11ನೇ ಕಾಲಮ್ಮಿನಲ್ಲಿ, ತೀರಿಸಿ ವರ್ಷಗಳಾದ ಸಾಲದ ಬೋಜಾ ಇನ್ನೂ ಕುಳಿತಿದೆಯೇ? 12ರಲ್ಲಿ ಅಡಿಕೆ ತೋಟಕ್ಕೆ ಭತ್ತ ಎಂದು ಬರೆದಿದೆಯೇ? ತೀರಿಹೋದ ಅಜ್ಜನ ಹೆಸರೇ ಉಳಿದಿದ್ದರೆ ಪೌತಿ ಖಾತೆಗೆ ಅರ್ಜಿ ಕೊಡುವುದನ್ನು ಮುಂದೂಡಬೇಡಿ.

ಇದು ಬರೀ ಕಾಗದದ ಗೊಡವೆಯಲ್ಲ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗ ಪರಿಹಾರ ಕೊಟ್ಟದ್ದು ‘ಫ್ರೂಟ್ಸ್’ ದಾಖಲೆಯ ಆಧಾರದ ಮೇಲೆ. ಅದರಲ್ಲಿ ಸೇರದ ಜಮೀನು ಸರ್ಕಾರದ ಲೆಕ್ಕಕ್ಕೆ ಬರುವುದಿಲ್ಲ. ಮೂರು ತುಂಡು ಹೊಲವಿದ್ದು ಒಂದನ್ನೇ ಸೇರಿಸಿದವನಿಗೆ ಒಂದರ ಲೆಕ್ಕ ಮಾತ್ರ. ಬಿಟ್ಟುಹೋದ ಸರ್ವೆ ನಂಬರುಗಳನ್ನು ಚೀಟಿಯಲ್ಲಿ ಬರೆದುಕೊಂಡು, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನೊಡನೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ.

ಅಡಿಕೆ ಮಾರುವವರು ‘ಕೃಷಿ ಮಾರಾಟ ವಾಹಿನಿ’ಯಲ್ಲಿ ಶಿವಮೊಗ್ಗ, ಸಾಗರ ಮಾರುಕಟ್ಟೆಗಳ ರಾಶಿ, ಬೆಟ್ಟೆ, ಗೊರಬಲು ಧಾರಣೆಗಳನ್ನು ಹೋಲಿಸಬಹುದು. ಗರಿಷ್ಠ ಧಾರಣೆ ಕಂಡು ಹಿಗ್ಗಬೇಡಿ, ಅದು ಯಾರದೋ ನಾಲ್ಕು ಚೀಲಕ್ಕೆ ಸಿಕ್ಕ ಬೆಲೆಯಿರಬಹುದು. ಹೆಚ್ಚು ಮಾಲು ಮಾರಾಟವಾದ ಧಾರಣೆಯನ್ನು ಬೇರೆಯಾಗಿ ಕೊಟ್ಟಿರುತ್ತಾರೆ, ಅದನ್ನು ನೋಡಿ.

ಇದು ಹತ್ತು ಜನ ಕೂರುವ ಯಂತ್ರ. ಗುಪ್ತಪದವನ್ನು ಅದರಲ್ಲಿ ಉಳಿಸಬೇಡಿ. ಆಧಾರ್ ಪ್ರತಿ ಇಳಿಸಿಕೊಂಡಿದ್ದರೆ ಏಳುವ ಮುನ್ನ ಅಳಿಸಿಬಿಡಿ. ಫೋನಿಗೆ ಬರುವ ಓಟಿಪಿಯನ್ನು ಸಹಾಯಕ್ಕೆ ನಿಂತವರಿಗೂ ಹೇಳಬೇಡಿ, ನೀವೇ ಒತ್ತಿರಿ. ಆದ್ದರಿಂದ ಹೊರಡುವಾಗ ಆಧಾರ್‌ಗೆ ಜೋಡಿಸಿದ ನಂಬರಿನ ಫೋನು ನಿಮ್ಮ ಜೇಬಿನಲ್ಲೇ ಇರಲಿ.