ಗಾಜಿನ ತೊಟ್ಟಿಯ ಮೀನೂ ಮಿಂಚುದೀಪವೂ

ಗಾಜಿನ ತೊಟ್ಟಿಯಲ್ಲಿ ಈಜಾಡುವ ಬಣ್ಣದ ಮೀನುಗಳನ್ನು ನೋಡಿ ಮೆಚ್ಚದವರು ವಿರಳ. ಆದರೆ ಅವುಗಳ ಛಾಯಾಚಿತ್ರ ತೆಗೆಯಹೊರಟವರ ಅನುಭವವೇ ಬೇರೆ. ಕ್ಯಾಮರಾದ ಮೇಲೆಯೇ ಮಿಂಚುದೀಪವನ್ನು ಇರಿಸಿ ಗುಂಡಿಯೊತ್ತಿದರೆ ಚಿತ್ರದ ನಡುವೆ ದೊಡ್ಡದೊಂದು ಬಿಳಿಯ ಕಲೆ ಮೂಡುತ್ತದೆ. ಅದರ ಪಕ್ಕದಲ್ಲಿ ಮೀನು ಬಣ್ಣಗೆಟ್ಟು ನಿಂತಿರುತ್ತದೆ. ದೀಪವಿಲ್ಲದೆ ತೆಗೆದರೆ ಮೀನಿಗೆ ಬದಲಾಗಿ ಅದರ ಓಟದ ಗೀಟು ಮಾತ್ರ ಉಳಿಯುತ್ತದೆ. ಬೆಲೆಬಾಳುವ ಕ್ಯಾಮರಾ ಕೊಂಡರೆ ಈ ತೊಂದರೆ ನೀಗುವುದೆಂದು ಅನೇಕರ ಭಾವನೆ. ವಾಸ್ತವವಾಗಿ ಇಲ್ಲಿ ಬೇಕಾದುದು, ಪ್ರೌಢಶಾಲೆಯಲ್ಲಿ ಕಲಿತ ಬೆಳಕಿನ ಒಂದೆರಡು ನಿಯಮಗಳ ನೆನಪು.

ಮೊದಲು ಮಿಂಚುದೀಪವೇಕೆ ಬೇಕೆಂಬುದನ್ನು ನೋಡೋಣ. ಸೆಕೆಂಡಿಗೆ 30 ಸೆಂಟಿಮೀಟರ್ ವೇಗದಿಂದ ಸಾಗುವ ಮೀನು, ಸೆಕೆಂಡಿನ 60ರಲ್ಲಿ ಒಂದು ಭಾಗದಷ್ಟು ಕಾಲದಲ್ಲಿ 5 ಮಿಲಿಮೀಟರ್ ಮುಂದೆ ಸರಿದಿರುತ್ತದೆ. ಎರಡು ಬೆರಳಗಲದ ಮೀನಿಗೆ ಇದು ಅಲ್ಪ ದೂರವಲ್ಲ. ಎಲೆಕ್ಟ್ರಾನಿಕ್ ಮಿಂಚುದೀಪದಲ್ಲಾದರೋ, ಕೂಡಿಟ್ಟ ವಿದ್ಯುತ್ತು ಝೆನಾನ್ ಅನಿಲ ತುಂಬಿದ ನಳಿಕೆಯಲ್ಲಿ ಒಮ್ಮೆಗೇ ಹರಿದು, ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಅಥವಾ ಅದಕ್ಕೂ ಕಡಿಮೆ ಕಾಲ ಬೆಳಗಿ ಆರುತ್ತದೆ. ಅಷ್ಟರಲ್ಲಿ ಅದೇ ಮೀನು ಸರಿಯುವುದು 0.3 ಮಿಲಿಮೀಟರ್ ಮಾತ್ರ. ಚಲಿಸುವ ವಸ್ತುವನ್ನು ಹೀಗೆ ಹಿಡಿದು ನಿಲ್ಲಿಸುವ ವಿದ್ಯೆಯನ್ನು ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಲ್ಲಿ ಬೆಳೆಸಿದರು.

ಇನ್ನು ಆ ಬಿಳಿಯ ಕಲೆಯ ಮಾತು. ಗಾಜಿನ ಹೊರಮೈ ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲನ್ನು ಹಿಂದಿರುಗಿಸುತ್ತದೆ. ಪಾಲು ಚಿಕ್ಕದಾದರೂ ಮಿಂಚುದೀಪದ ಬೆಳಕು ಪ್ರಖರವಾದುದರಿಂದ ಚಿತ್ರವನ್ನು ಕೆಡಿಸಲು ಅಷ್ಟು ಸಾಕು. ಪತನಕೋನವೂ ಪ್ರತಿಫಲನಕೋನವೂ ಸಮವೆಂಬ ನಿಯಮದಂತೆ, ಮಸೂರದ ಬದಿಯಲ್ಲೇ ಇರುವ ದೀಪದ ಬೆಳಕು ಮಸೂರಕ್ಕೇ ಮರಳುತ್ತದೆ. ಕ್ಯಾಮರಾವನ್ನು ಗಾಜಿಗೆ ನೇರವಾಗಿಟ್ಟು, ದೀಪವನ್ನು ಅದರಿಂದ ಬೇರ್ಪಡಿಸಿ 45 ಡಿಗ್ರಿ ಓರೆಯಲ್ಲಿ ಹಿಡಿದರೆ, ಮರಳಿದ ಬೆಳಕು ಇನ್ನೊಂದು ಬದಿಗೆ ಹೊರಟುಹೋಗುತ್ತದೆ. ಕೋಣೆಯ ಕಿಟಕಿ, ನಮ್ಮ ಬಿಳಿಯ ಅಂಗಿ ಮುಂತಾದುವುಗಳ ಬಿಂಬವನ್ನು ತಡೆಯಲು ಕ್ಯಾಮರಾದ ಸುತ್ತ ಒಂದು ಕಪ್ಪು ಬಟ್ಟೆ ಸಾಕು.

ಆದರೆ ಗಾಜೊಂದೇ ಕನ್ನಡಿಯಲ್ಲ. ಮೀನೂ ಒಂದು ಕನ್ನಡಿಯೇ. ಅದರ ಬೆಳ್ಳಿಯ ಹೊಳಪು, ಚರ್ಮದಲ್ಲಿಯೂ ಹುರುಪೆಗಳಲ್ಲಿಯೂ ಪದರ ಪದರವಾಗಿರುವ ಗ್ವಾನೀನ್ ಎಂಬ ವಸ್ತುವಿನ ತೆಳುಹರಳುಗಳಿಂದ ಬಂದುದು. ಅನೇಕ ಬೆಳ್ಳಿಬಣ್ಣದ ಮೀನುಗಳಲ್ಲಿ ಈ ಹರಳುಗಳು ನೆಟ್ಟಗೆ ನಿಂತ ಕನ್ನಡಿಗಳಂತೆ ಜೋಡಣೆಗೊಂಡಿವೆ. ಮುಂದಿನಿಂದ ಬೆಳಕು ಹಾಯಿಸಿದರೆ ಅವು ಅದನ್ನು ಹಾಗೆಯೇ ಹಿಂದಕ್ಕೆ ಎಸೆಯುತ್ತವೆ. ಮೈಯ ವಿವರವೆಲ್ಲ ಅಳಿಸಿಹೋಗುತ್ತದೆ. ನಿಯಾನ್ ಟೆಟ್ರಾ ಮೀನಿನ ನೀಲಿಪಟ್ಟೆಯಲ್ಲಿಯೂ ಇಂಥವೇ ಹರಳುಗಳಿದ್ದು, ಬೆಳಕು ಬೀಳುವ ಕೋನಕ್ಕೆ ತಕ್ಕಂತೆ ಅದರ ಬಣ್ಣ ಬದಲಾಗುತ್ತದೆ. ಆದುದರಿಂದ ದೀಪದ ಸ್ಥಾನವೇ ಮೀನಿನ ಬಣ್ಣವನ್ನು ನಿರ್ಧರಿಸುತ್ತದೆಂದರೆ ತಪ್ಪಾಗದು.

ಹಾಗಾದರೆ ದೀಪವೆಲ್ಲಿರಬೇಕು? ಕೆರೆಯಲ್ಲಾಗಲಿ ನದಿಯಲ್ಲಾಗಲಿ ಮೀನಿಗೆ ಬೆಳಕು ಬರುವುದು ಮೇಲಿನಿಂದ. ತೊಟ್ಟಿಯಲ್ಲಿಯೂ ಮೇಲಿನಿಂದಲೇ ಬೆಳಕು ಬಿದ್ದರೆ ಅದು ತನ್ನ ಸಹಜ ವರ್ಣದಲ್ಲಿ ತೋರುತ್ತದೆ. ಮುಂದಿನ ಗಾಜಿನ ತೊಂದರೆಯೂ ತಪ್ಪುತ್ತದೆ. 1926ರಲ್ಲಿ ಫ್ಲಾರಿಡದ ಬಳಿ ಲಾಂಗ್ಲಿ ಮತ್ತು ಮಾರ್ಟಿನ್ ಎಂಬವರು ಸಮುದ್ರದೊಳಗಿನ ಮೀನಿನ ಬಣ್ಣದ ಚಿತ್ರವನ್ನು ತೆಗೆದಾಗ, ಮೆಗ್ನೀಸಿಯಂ ಪುಡಿಯನ್ನು ಉರಿಸಿದ್ದು ನೀರಿನ ಮೇಲೆ ತೇಲುವ ತೆಪ್ಪದಲ್ಲಿ. ನಮ್ಮ ತೊಟ್ಟಿಗೆ ಬ್ಯಾಟರಿಯ ಮಿಂಚುದೀಪವೊಂದನ್ನು ಗಾಜಿನ ಮುಚ್ಚಳದ ಮೇಲೆ ಕೆಳಮುಖವಾಗಿ ಇರಿಸಿ, ನಡುವೆ ತೆಳುವಾದ ಬಿಳಿಯ ಕಾಗದ ಹಾಸಿದರೆ ಬೆಳಕು ಹರಡಿ ಮೃದುವಾಗುತ್ತದೆ. ಮುಚ್ಚಳವಿಲ್ಲದ ನೀರಿನ ಮೇಲೆ ಮನೆಯ ವಿದ್ಯುತ್ತಿನ ದೀಪವನ್ನು ಎಂದಿಗೂ ಹಿಡಿಯಬಾರದು. ಅದು ಪ್ರಾಣಾಪಾಯದ ಕೆಲಸ.

ದೂರವನ್ನು ಕೈಯಿಂದ ಅಳತೆಗೂಡಿಸುವವರು ವಕ್ರೀಭವನವನ್ನು ಮರೆಯಬಾರದು. ಗಾಜಿನಿಂದ 20 ಸೆಂಟಿಮೀಟರ್ ಹಿಂದಿರುವ ಮೀನು ಸುಮಾರು 15 ಸೆಂಟಿಮೀಟರ್ ಹಿಂದಿರುವಂತೆ ಕಾಣುತ್ತದೆ. ಮಸೂರವನ್ನು ಹೊಂದಿಸಬೇಕಾದುದು ಈ ತೋರಿಕೆಯ ದೂರಕ್ಕೆ. ಓರೆಯಾಗಿ ನೋಡಿದಷ್ಟೂ ಬಿಂಬ ಸೊಟ್ಟಗಾಗಿ ಅಂಚುಗಳಲ್ಲಿ ಬಣ್ಣ ಚದರುತ್ತದೆ.

ಕೊನೆಯದಾಗಿ, ಮೀನಿನ ಪಾಡನ್ನೂ ನೆನೆಯಬೇಕು. ಹೆಚ್ಚಿನ ಮೀನುಗಳಿಗೆ ಕಣ್ಣು ಮುಚ್ಚಲು ರೆಪ್ಪೆಯಿಲ್ಲ. ಕತ್ತಲೆಯಲ್ಲಿ ಹಠಾತ್ತನೆ ಮಿಂಚು ಹೊಡೆದರೆ ಅದನ್ನು ತಡೆದುಕೊಳ್ಳುವ ಉಪಾಯ ಅವಕ್ಕಿಲ್ಲ. ಕೋಣೆಯ ದೀಪವನ್ನು ಉರಿಯಗೊಟ್ಟು, ನಡುನಡುವೆ ಬಿಡುವು ಕೊಟ್ಟು, ಮೀನು ಬೆದರಿ ಮೂಲೆ ಸೇರಿದೊಡನೆ ನಿಲ್ಲಿಸುವುದು ಉಚಿತ. ನೆಮ್ಮದಿಯಿಂದಿರುವ ಮೀನು ರೆಕ್ಕೆಗಳನ್ನು ಬಿಡಿಸಿಕೊಂಡು ತೇಲುತ್ತದೆ. ಚೆಲುವಾದ ಚಿತ್ರ ಸಿಕ್ಕುವುದೂ ಆಗಲೇ.