ತೋಟದ ಪತ್ರ ಅಡವಿಡುವ ಮುನ್ನ ಒಂದು ಲೆಕ್ಕ

“ಮಗಳು ಅಲ್ಲಿ ಒಂದು ವರ್ಷ ಓದಿದರೆ ಅಮೆರಿಕದಲ್ಲಿ ಲಾಯರ್ ಆಗ್ತಾಳಾ, ಇಲ್ಲ ಮತ್ತೆ ಓದಬೇಕಾ?”

ಕಳೆದ ಚಳಿಗಾಲದಲ್ಲಿ ಸಕಲೇಶಪುರ ಕಡೆಯ ಹಿರಿಯರೊಬ್ಬರು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಇದು. ಮಗಳು ಬೆಂಗಳೂರಿನಲ್ಲಿ ಐದು ವರ್ಷದ ಕಾನೂನು ಪದವಿ ಮುಗಿಸಿ ಎರಡು ವರ್ಷ ಕೆಲಸ ಮಾಡಿದ್ದಳು. ಆನ್ ಆರ್ಬರ್‌ನ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಎಲ್‌ಎಲ್‌ಎಂ ಸೀಟು ಸಿಕ್ಕಿತ್ತು. ಅಂತರರಾಷ್ಟ್ರೀಯ ಮತ್ತು ಯುರೋಪಿಯನ್ ಕಾನೂನು ಓದಬೇಕೆಂಬುದು ಅವಳ ಆಸೆ. ಬ್ಯಾಂಕಿನವರು ಸಾಲಕ್ಕೆ ಆಧಾರವಾಗಿ ಕಾಫಿ ತೋಟದ ಪತ್ರ ಕೇಳಿದ್ದರು.

ನಾವು ಕಾನೂನು ಓದಿದವರಲ್ಲ. ಬಿಕಾಂ, ಆಮೇಲೆ ಸಿಎ ಮಾಡಿ ಇಲ್ಲಿಗೆ ಬಂದು ಲೆಕ್ಕಪತ್ರದ ಕೆಲಸದಲ್ಲಿರುವವರು. ಆದರೂ ಡೆಟ್ರಾಯಿಟ್ ಸುತ್ತಿನ ಕನ್ನಡಿಗರಲ್ಲಿ ಯಾರಿಗೆ ತೆರಿಗೆಯ ಪ್ರಶ್ನೆ ಬಂದರೂ ನಮ್ಮ ನಂಬರ್ ಕೈಯಿಂದ ಕೈಗೆ ಹೋಗುತ್ತದೆ. ಹಾಗೆಯೇ ಆ ಹಿರಿಯರಿಗೂ ಸಿಕ್ಕಿತ್ತು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ. ಇಂಥ ಪತ್ರ ಕೈಯಲ್ಲಿ ಹಿಡಿದು ಕೂತ ಮನೆಗಳು ಇನ್ನೂ ಇರಬಹುದು.

ಯುರೋಪಿನ ಕಾನೂನನ್ನು ಅಮೆರಿಕದಲ್ಲಿ ಓದುವುದೇಕೆ ಎಂದು ಅವರು ಕೇಳಿದರು. ನಮಗೂ ಮೊದಲು ಅದೇ ಅನುಮಾನವಿತ್ತು. ಇಲ್ಲಿನ ಕಾನೂನು ಶಾಲೆ 1859ರಲ್ಲಿ ಶುರುವಾದದ್ದು. ಅಲ್ಲಿ ಎರಿಕ್ ಸ್ಟೈನ್ ಎಂಬ ಪ್ರಾಧ್ಯಾಪಕರಿದ್ದರು. ಮುಂದೆ ಜೆಕೊಸ್ಲೊವಾಕಿಯಾ ಆದ ನೆಲದಲ್ಲಿ ಹುಟ್ಟಿ, ಪ್ರಾಗ್‌ನಲ್ಲಿ ಕಾನೂನು ಪದವಿ ಪಡೆದವರು. ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಬಂದಾಗ ಆ ಪದವಿಯಿಂದ ಇಲ್ಲಿ ವಕೀಲಿ ಮಾಡುವಂತಿರಲಿಲ್ಲ. ಮತ್ತೆ ವಿದ್ಯಾರ್ಥಿಯಾಗಿ ಕೂತು 1942ರಲ್ಲಿ ಇದೇ ಆನ್ ಆರ್ಬರ್‌ನಲ್ಲಿ ಎರಡನೇ ಕಾನೂನು ಪದವಿ ಪಡೆದರು. ಐವತ್ತರ ದಶಕದಲ್ಲಿ ಇಲ್ಲೇ ಪ್ರಾಧ್ಯಾಪಕರಾದರು. ಯುರೋಪಿನ ದೇಶಗಳು ಒಂದಾಗಿ ಹೊಸ ಕಾನೂನು ಕಟ್ಟುತ್ತಿದ್ದಾಗ ಅಮೆರಿಕದಲ್ಲಿ ಅದನ್ನು ಪಾಠವಾಗಿಸಿದ ಮೊದಲಿಗರಲ್ಲಿ ಅವರೂ ಒಬ್ಬರು. 2011ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ವಿಶ್ವ ವ್ಯಾಪಾರದ ಕಾನೂನಿಗೆ ದೊಡ್ಡ ಹೆಸರಾದ ಜಾನ್ ಜಾಕ್ಸನ್ ಕೂಡ ಮೂರು ದಶಕ ಇಲ್ಲಿ ಪಾಠ ಮಾಡಿದವರು.

ಆ ಕಾನೂನಿನ ಮೂಲದಲ್ಲಿ ಇರುವುದೂ ಒಂದು ತೆರಿಗೆ ಬಿಲ್ಲು! ನೆದರ್ಲೆಂಡ್ಸ್‌ನ ವಾನ್ ಗೆಂಡ್ ಎನ್ ಲೂಸ್ ಎಂಬ ಸಾಗಣೆ ಕಂಪನಿ ಜರ್ಮನಿಯಿಂದ ರಾಸಾಯನಿಕ ತರಿಸಿತು. 3 ಶೇಕಡಾ ಇದ್ದ ಸುಂಕದ ಬದಲು 8 ಶೇಕಡಾ ಹಾಕಿದರು. ದೇಶಗಳ ನಡುವಿನ ಒಪ್ಪಂದವನ್ನು ಹಿಡಿದು ಒಂದು ಕಂಪನಿ ತನ್ನದೇ ಸರ್ಕಾರದ ವಿರುದ್ಧ ಹೋಗಬಹುದೇ ಎಂಬ ಪ್ರಶ್ನೆ ಎದ್ದಿತು. ಹೋಗಬಹುದು ಎಂದು ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿಯನ್ ನ್ಯಾಯಾಲಯ 1963ರಲ್ಲಿ ಹೇಳಿತು. ಇಂದಿಗೂ ಯುರೋಪಿಯನ್ ಕಾನೂನಿನ ವಿದ್ಯಾರ್ಥಿ ಮೊದಲು ಓದುವ ತೀರ್ಪುಗಳಲ್ಲಿ ಅದೂ ಒಂದು.

“ಅದು ಅವರ ದೇಶದ ಮಾತಾಯ್ತು, ನಮಗೇನು?” ಎಂದರು ಹಿರಿಯರು. ನಿಮ್ಮ ಕಾಫಿ ಎಲ್ಲಿಗೆ ಹೋಗುತ್ತದೆ ಎಂದು ನಾವು ಕೇಳಿದೆವು. ಇಟಲಿ, ಜರ್ಮನಿ ಎಂದರು. ಭಾರತದ ಕಾಫಿಯಲ್ಲಿ ಸುಮಾರು 70 ಶೇಕಡಾ ಕರ್ನಾಟಕದ್ದು; ಅದರ ದೊಡ್ಡ ಪಾಲು ಯುರೋಪಿಗೆ ಹೋಗುತ್ತದೆ. 2023ರಲ್ಲಿ ಯುರೋಪಿಯನ್ ಒಕ್ಕೂಟ ಒಂದು ನಿಯಮ ತಂದಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಬೆಳೆದ ತೋಟ ಎಲ್ಲಿದೆ ಎಂಬುದನ್ನು ಅಕ್ಷಾಂಶ ರೇಖಾಂಶದ ಸಮೇತ ತೋರಿಸಬೇಕು. ಜಾರಿಯ ದಿನ ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹೋಗಿದೆ, ಆದರೆ ನಿಯಮ ಉಳಿದಿದೆ. ಬ್ರಸೆಲ್ಸ್‌ನಲ್ಲಿ ಬರೆದ ಕಾನೂನು ಸಕಲೇಶಪುರದ ಬೇಲಿಯವರೆಗೆ ಬರುತ್ತದೆ. ಅದನ್ನು ಓದಿ ತಿಳಿಸುವವರು ನಮ್ಮೂರಿಗೂ ಬೇಕು.

ಇಷ್ಟು ಹೇಳಿದ ಮೇಲೆ ಖರ್ಚಿನ ಮಾತಿಗೆ ಬಂದೆವು. ಇಲ್ಲಿನ ಎಲ್‌ಎಲ್‌ಎಂ ಎಂದರೆ ಎರಡು ಸೆಮಿಸ್ಟರ್, 24 ಕ್ರೆಡಿಟ್. ಬೋಧನಾ ಶುಲ್ಕವೇ 70,000 ಡಾಲರ್ ಮೀರಿದೆ. ಬಾಡಿಗೆ, ಊಟ, ವಿಮೆ ಸೇರಿದರೆ ಒಂದು ಲಕ್ಷ ಡಾಲರ್ ಹತ್ತಿರ, ಅಂದರೆ 80 ಲಕ್ಷ ರೂಪಾಯಿ ದಾಟುತ್ತದೆ. ವಿದ್ಯಾರ್ಥಿವೇತನ ಕೇಳದೆ ಈ ಮೊತ್ತಕ್ಕೆ ಒಪ್ಪಬೇಡಿ ಎಂದೆವು.

ಇನ್ನು ಅವರ ಮೊದಲ ಪ್ರಶ್ನೆ. ಎಲ್‌ಎಲ್‌ಎಂ ಮುಗಿಸಿದ ಮಾತ್ರಕ್ಕೆ ಇಲ್ಲಿ ವಕೀಲಿ ಮಾಡುವಂತಿಲ್ಲ. ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಅದಕ್ಕೆ ಬಾರ್ ಪರೀಕ್ಷೆ ಪಾಸಾಗಬೇಕು. ನಮ್ಮ ದೇಶದಲ್ಲಿ ಓದಿದವರು ಹೆಚ್ಚಾಗಿ ಆರಿಸಿಕೊಳ್ಳುವುದು ನ್ಯೂಯಾರ್ಕ್ ಅಥವಾ ಕ್ಯಾಲಿಫೋರ್ನಿಯಾ. ನ್ಯೂಯಾರ್ಕ್ ಮಂಡಳಿ ಒಬ್ಬೊಬ್ಬರ ಭಾರತದ ಪದವಿಯನ್ನೂ ಬೇರೆಬೇರೆಯಾಗಿ ಪರಿಶೀಲಿಸುತ್ತದೆ. ಆ ಅರ್ಜಿಯನ್ನು ಕೋರ್ಸ್ ಸೇರುವ ಮೊದಲೇ ಹಾಕುವುದು ಒಳ್ಳೆಯದು. ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಓಪಿಟಿ 12 ತಿಂಗಳು. ಎಂಜಿನಿಯರಿಂಗ್ ಹುಡುಗರಿಗೆ ಸಿಗುವ ಇನ್ನೂ 24 ತಿಂಗಳು ಕಾನೂನಿನವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಆಮೇಲೆ ಎಚ್-1ಬಿ ಲಾಟರಿ. ಪಕ್ಕದ ಮನೆಯ ಸಾಫ್ಟ್‌ವೇರ್ ಹುಡುಗನ ಲೆಕ್ಕವನ್ನು ಲಾ ಓದುವ ಮಗಳಿಗೆ ಹಾಕಬಾರದು. ಊರಿಗೆ ಮರಳಿ ಕಾಲೇಜಿನಲ್ಲಿ ಪಾಠ ಮಾಡುವ ಯೋಚನೆಯಿದ್ದರೆ, ವಿದೇಶದ ಒಂದು ವರ್ಷದ ಪದವಿಗೆ ಅಲ್ಲಿ ಎಷ್ಟು ಮಾನ್ಯತೆ ಎಂಬುದನ್ನೂ ಮೊದಲೇ ಲಿಖಿತವಾಗಿ ಕೇಳಿ ತಿಳಿಯಬೇಕು.

ಯುರೋಪಿನ ಕಾನೂನೇ ಬೇಕೆಂದರೆ ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್, ಗ್ರೋನಿಂಗೆನ್‌ಗಳಲ್ಲಿ ಇದೇ ವಿಷಯದ ಕೋರ್ಸುಗಳು ಇಂಗ್ಲಿಷಿನಲ್ಲೇ ಇವೆ. ಶುಲ್ಕ ಇಲ್ಲಿಗಿಂತ ಬಹಳ ಕಡಿಮೆ. ಓದಿದ ಮೇಲೆ ಕೆಲಸ ಹುಡುಕಲು ಒಂದು ವರ್ಷದ ಪರವಾನಗಿಯೂ ಸಿಗುತ್ತದೆ. ಇದನ್ನೂ ಹಿರಿಯರಿಗೆ ಮುಚ್ಚಿಡಲಿಲ್ಲ.

ಮನೆಯ ಲೆಕ್ಕದಲ್ಲಿ ನೆನಪಿಡಬೇಕಾದ ಎರಡು ಮಾತು. ಸ್ವಂತ ಹಣ ಕಳಿಸಿದರೆ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕು ಟಿಸಿಎಸ್ ಹಿಡಿಯುತ್ತದೆ. ಅದು ಕಳೆದುಹೋದ ದುಡ್ಡಲ್ಲ, ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ. ಮಾನ್ಯತೆ ಪಡೆದ ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕೆ 2025ರ ಏಪ್ರಿಲ್‌ನಿಂದ ಟಿಸಿಎಸ್ ಇಲ್ಲ. ಎರಡನೆಯದು, ಸಾಲದ ಬಡ್ಡಿಗೆ 8 ವರ್ಷದವರೆಗೆ ಆದಾಯ ತೆರಿಗೆಯಲ್ಲಿ ಕಡಿತವಿದೆ, ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ.

ಇಲ್ಲಿಗೆ ಬಂದ ಮಕ್ಕಳಿಗೂ ಒಂದು ಮಾತು. ಭಾರತ ಮತ್ತು ಅಮೆರಿಕ 1989ರಲ್ಲಿ ಸಹಿ ಹಾಕಿದ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ಭಾರತದ ವಿದ್ಯಾರ್ಥಿಗಳು ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು. ಅನಿವಾಸಿಯಾಗಿ ತೆರಿಗೆ ಕಟ್ಟುವ ಬೇರೆ ದೇಶಗಳ ಬಹುತೇಕ ವಿದ್ಯಾರ್ಥಿಗಳಿಗೆ ಈ ಸೌಲಭ್ಯವಿಲ್ಲ. ಕ್ಯಾಂಪಸ್‌ನಲ್ಲಿ ದುಡಿದ ಸಣ್ಣ ಸಂಬಳಕ್ಕೆ ಹಿಡಿದ ತೆರಿಗೆ ಇದರಿಂದ ಎಷ್ಟೋ ಸಲ ಪೂರ್ತಿ ವಾಪಸು ಬರುತ್ತದೆ. ಆದರೆ ತುಂಬಬೇಕಾದ್ದು 1040-ಎನ್ಆರ್ ಫಾರ್ಮು. ಅವಸರದಲ್ಲಿ ನಿವಾಸಿಗಳ ಫಾರ್ಮು ತುಂಬಿದವರನ್ನು ಪ್ರತಿ ಏಪ್ರಿಲ್‌ನಲ್ಲೂ ನೋಡುತ್ತೇವೆ. ಸಂಪಾದನೆ ಇಲ್ಲದಿದ್ದರೂ 8843 ಫಾರ್ಮು ಕಳಿಸಲೇಬೇಕು.

ಕೊನೆಗೆ ಹಿರಿಯರು ಸಂಕೋಚದಿಂದಲೇ ಕೇಳಿದರು: “ಹೇಗ್ ಕೋರ್ಟಿಗೆ ನಮ್ಮ ಕಡೆಯವರು ಯಾರಾದರೂ ಹೋದದ್ದುಂಟೇ?” ಉಂಟು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಸಂವಿಧಾನ ಸಭೆಯ ಸಲಹೆಗಾರರಾಗಿದ್ದು, 1952ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಹಾಗೆ ಹೋದ ಮೊದಲ ಭಾರತೀಯ ಅವರೇ. ಆದರೆ ಅದರ ಹಿಂದೆ ಐಸಿಎಸ್ ಅಧಿಕಾರಿಯಾಗಿ, ಹೈಕೋರ್ಟ್ ನ್ಯಾಯಾಧೀಶರಾಗಿ ದುಡಿದ ದಶಕಗಳಿದ್ದವು. ಒಂದು ವರ್ಷದ ಓದಿನ ಮೇಲೆ ಅಷ್ಟು ದೊಡ್ಡ ಕನಸಿನ ಭಾರ ಹೊರಿಸಬೇಡಿ ಎಂದೆವು.

ಅವರು ತೋಟ ಅಡವಿಡಲಿಲ್ಲ. ಮಗಳಿಗೆ ಭಾಗಶಃ ವಿದ್ಯಾರ್ಥಿವೇತನ ಸಿಕ್ಕಿತು, ಉಳಿದದ್ದಕ್ಕೆ ಹಾಸನದ ಸೈಟು ಆಧಾರವಾಯಿತು. ಆಗಸ್ಟಿನಲ್ಲಿ ಡೆಟ್ರಾಯಿಟ್ ವಿಮಾನ ನಿಲ್ದಾಣದಿಂದ ಅವಳನ್ನು ಕರೆತಂದವರು ನಾವೇ. ಈಗ ಹಿಮ ಬೀಳುವ ಸಂಜೆಗಳಲ್ಲಿ ಕಾನೂನು ಶಾಲೆಯ ಓದುವ ಕೋಣೆಯಲ್ಲಿ ಕೂರುತ್ತಾಳೆ. ಕೆಲಸದ ಅರ್ಜಿಗಳಿಗೆ ಇನ್ನೂ ಉತ್ತರ ಬಂದಿಲ್ಲ; ಸಾಲದ ಕಂತು ಯಾವಾಗ ಶುರುವಾಗುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಸೆಮಿಸ್ಟರ್ ಪ್ರಬಂಧಕ್ಕೆ ಯುರೋಪಿನ ಕಾಫಿ ನಿಯಮ ಮತ್ತು ಸಣ್ಣ ಬೆಳೆಗಾರರು ಎಂಬ ವಿಷಯ ಆರಿಸಿಕೊಂಡಿದ್ದಾಳೆ.

ಹೋದ ತಿಂಗಳು ಊರಿನಿಂದ ಬಂದವರ ಕೈಲಿ ಅಪ್ಪ ಎರಡು ಕಿಲೋ ಕಾಫಿ ಪುಡಿ ಕಳಿಸಿದ್ದರು. ಜೊತೆಗೆ ಮಡಿಸಿಟ್ಟ ತೋಟದ ಸರ್ವೆ ನಕ್ಷೆಯ ಪ್ರತಿ. ಪ್ರಬಂಧಕ್ಕೆ ಬೇಕಾಗಬಹುದು ಎಂದು ಚೀಟಿ ಬರೆದಿದ್ದರು.