ಕೂದಲೆಳೆಯ ಅಕ್ಷರ

ಪ್ರಶ್ನೆ: ಮದುವೆಯ ಇಂಗ್ಲಿಷ್ ಆಹ್ವಾನಪತ್ರಿಕೆಗಳಲ್ಲಿ ಕಾಣುವ, ಕೈಯಲ್ಲಿ ಬರೆದಂತಿರುವ ನವಿರಾದ ಅಕ್ಷರಗಳ ವಿಶೇಷವೇನು? ಇಡೀ ಪತ್ರಿಕೆಯನ್ನು ಅವುಗಳಲ್ಲೇ ಅಚ್ಚು ಹಾಕಿಸಬಹುದೆ?

ಉತ್ತರ: ಈ ಜಾತಿಯಲ್ಲಿ ನನಗೆ ಅತ್ಯಂತ ಪ್ರಿಯವಾದುದು, ಲಂಡನ್ನಿನ ಬರವಣಿಗೆಯ ಉಪಾಧ್ಯಾಯ ಚಾರ್ಲ್ಸ್ ಸ್ನೆಲ್ಲನ ಹಸ್ತಾಕ್ಷರವನ್ನು ಆಧರಿಸಿ ಮ್ಯಾಥ್ಯೂ ಕಾರ್ಟರ್ ರಚಿಸಿದ, 1966ರಲ್ಲಿ ಲೈನೋಟೈಪ್ ಸಂಸ್ಥೆಯಿಂದ ಹೊರಬಂದ ‘ಸ್ನೆಲ್ ರೌಂಡ್‌ಹ್ಯಾಂಡ್’. ಅದರ ಸಣ್ಣ ಅಕ್ಷರಗಳನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿದರೆ, ಕೂದಲೆಳೆಯಷ್ಟು ಸೂಕ್ಷ್ಮವಾಗಿ ಮೇಲೇರಿದ ಗೆರೆಯು, ಇಳಿಯುವಾಗ ಲೇಖನಿಯ ಮೊನೆ ಒತ್ತಡಕ್ಕೆ ಬಿರಿದಂತೆ ಮೈತುಂಬಿಕೊಂಡು, ಬುಡದಲ್ಲಿ ಮತ್ತೆ ಕೃಶವಾಗಿ, ನೆರೆಯ ಅಕ್ಷರದ ಕೈ ಹಿಡಿಯುವುದು ಕಾಣುತ್ತದೆ. ಸೀಸದ ಅಚ್ಚುಮೊಳೆಗಳಿಗೆ ಇದು ಬಹು ಕಷ್ಟದ ಕೆಲಸ. ಮೊಳೆಯ ಅಂಚನ್ನು ಮೀರಿ ಚಾಚಿದ ನವಿರು ಕುಡಿ ಮುರಿಯದೆ ಉಳಿಯುವುದೇ ಅಪೂರ್ವ. ಛಾಯಾಚಿತ್ರದ ಕ್ರಮದಿಂದ ಅಕ್ಷರ ಜೋಡಿಸುವ ಯಂತ್ರಗಳು ಬಂದು, ಅಕ್ಷರವು ಲೋಹದ ಬಂಧನದಿಂದ ಬಿಡುಗಡೆ ಹೊಂದಿದುದರಿಂದಲೇ ಈ ಸರಾಗ ಸಾಧ್ಯವಾಯಿತು.

ವಧೂವರರ ಹೆಸರು, ಪ್ರಶಸ್ತಿಪತ್ರದ ಶಿರೋನಾಮೆ, ಇಷ್ಟಕ್ಕೆ ಇದು ಸೊಗಸು. ವಿಳಾಸ, ಮುಹೂರ್ತಗಳನ್ನು ಸರಳವಾದ ನೆಟ್ಟನೆಯ ಅಕ್ಷರಗಳಲ್ಲೇ ಹಾಕಿಸಿರಿ. ಗಾತ್ರ ಕಿರಿದಾದರೆ ಆ ಎಳೆಗಳು ಒರಟು ಕಾಗದದಲ್ಲಿ ಅಳಿಸಿಹೋಗುತ್ತವೆ. ಹೆಸರನ್ನು ಪೂರ್ತಿಯಾಗಿ ದೊಡ್ಡಕ್ಷರಗಳಲ್ಲಿ ಜೋಡಿಸಲು ಮಾತ್ರ ಎಂದಿಗೂ ಒಪ್ಪಬೇಡಿರಿ: ಅವುಗಳ ಬಳ್ಳಿಸುರುಳಿಗಳು ಒಂದರೊಳಗೊಂದು ತೊಡರಿ, ಓದುವವರಿಗೆ ಹೆಸರೇ ಸಿಕ್ಕುವುದಿಲ್ಲ.